ದೀಪ ದೊಡ್ಡದು ಮಾಡಿದ್ದು

ಅತ್ತೆಗೆ ನಮಸ್ಕಾರ.

ಬಂದರಿನ ಬಾಯಲ್ಲಿರುವ ಹಳೇ ಮರದ ದೀಪಸ್ತಂಭ ನೋಡಲು ಬೆಳಗ್ಗೆಯೇ ಹೋಗಿದ್ದೆ. ಮಂಡಿನೋವಿನ ಕಾವಲುಗಾರ ಕೆಳಗಿನಿಂದಲೇ, “ಮೇಡಂ, ಹೇಗೂ ಮೇಲೆ ಹೋಗ್ತಿದ್ದೀರಿ. ಬೆಳಕಾಯ್ತು, ದೀಪ ದೊಡ್ಡದು ಮಾಡಿಬಿಡಿ” ಎಂದ. ಬೆಳಕಾದ ಮೇಲೆ ಯಾಕೆ ಎಂದು ಯೋಚಿಸುತ್ತಲೇ ಬತ್ತಿಯನ್ನು ಪೂರ್ತಿ ಏರಿಸಿದೆ. ಉರಿ ಮರದ ಸೂರನ್ನು ಮುಟ್ಟುವಷ್ಟಾಯಿತು. ನನ್ನ ಕಿರುಚಾಟಕ್ಕೆ ಆತ ಮಂಡಿ ಮರೆತು ಓಡಿಬಂದ.

“ಅಯ್ಯೋ, ಆರಿಸಿ ಅಂದಿದ್ದು ಕಣಮ್ಮಾ!”

“ಹಾಗಂತಲೇ ಹೇಳಬಹುದಿತ್ತಲ್ಲ?”

“ದೀಪಕ್ಕೆ ಯಾರಾದ್ರೂ ‘ಆರಿಸು’ ಅಂತಾರಾ? ಅಪಶಕುನ!”

ಇಂಗ್ಲಿಷ್ ಶಾಲೆಯಲ್ಲಿ ಇದನ್ನು ಕಲಿಸಿರಲಿಲ್ಲ. ಸ್ತಂಭ ಉಳಿದಿದೆ. ನಾನೂ ಆರೋಗ್ಯ, ಎಡಹುಬ್ಬು ಮಾತ್ರ ಅರ್ಧ ಸುಟ್ಟಿದೆ. ಹೊರಡುವಾಗ ಆತ ಕೈಮುಗಿದು “ಹೋಗಿ ಬನ್ನಿ” ಎಂದ. ಅತ್ತೆ, ಅದಕ್ಕೂ ಉಲ್ಟಾ ಅರ್ಥ ಇರುತ್ತದೆಯೇ?

ಅವಸರದಲ್ಲಿ,
ನಿಮ್ಮ ಸೊಸೆ