ಲುವೆಂಜಿ ಕಾಡಿಗೆ ನಮ್ಮ ಮನೆಯ ಪಾಳಿ

ಗದಗ
ಇಸವಿ ೨೨೩೪, ಎರಡನೆಯ ಮಾಘ, ಮೂವತ್ತೊಂದನೆಯ ದಿನ

ಹಾಗಾಗಿ ಆ ಅರ್ಜಿಯ ವಿಷಯಕ್ಕೇ ಬರುತ್ತೇನೆ. ನಿನ್ನೆ ಬರೆದ ಹಾಳೆಯನ್ನು ಬೆಳಿಗ್ಗೆ ಹರಿದು ಹಾಕಿದೆ. ಅದರಲ್ಲಿ ಗಾಳಿ, ಬಿಸಿಲು, ನನ್ನ ಮೊಣಕಾಲು ಇಂಥವೇ ತುಂಬಿದ್ದವು, ಹೇಳಬೇಕಾದ್ದು ಒಂದೂ ಇರಲಿಲ್ಲ. ನೀನು ಇನ್ನೂ ಹುಟ್ಟಿಲ್ಲ. ನನ್ನ ಮಗಳು ಕಸ್ತೂರಿಯ ಮೊಮ್ಮಗಳೋ ಮೊಮ್ಮಗನೋ ಆಗಿ, ಇನ್ನು ಅರವತ್ತು ವರ್ಷಕ್ಕೆ ಇದನ್ನು ಬಿಚ್ಚಿ ಓದುತ್ತೀ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಮ್ಮ ಹಿರಿಯರೊಬ್ಬರ ಹಳೇ ಕಾಗದದಲ್ಲಿ 'ಪೆಟ್ರೋಲ್ ಹಾಕಿಸಿಕೊಂಡು ಹೊರಟೆವು' ಎಂದಿರುವುದನ್ನು ಓದಿ, ಅದು ಪ್ರಯಾಣಕ್ಕೆ ಮುಂಚೆ ಹಣೆಗೆ ಹಾಕಿಸಿಕೊಳ್ಳುವ ಯಾವುದೋ ಬೊಟ್ಟು ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಪಾಳಿ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ, ನಿನ್ನ ಕಾಲಕ್ಕೆ ನಿಯಮ ಬದಲಾಗಿರಬಹುದು. ಜಾಂಬಿಯಾ ದೇಶದ ಬಡಗಣ ಮೂಲೆಯಲ್ಲಿ ಲುವೆಂಜಿ ಎಂಬ ರಕ್ಷಿತ ಕಾಡಿದೆ. ಆನೆಗಳು ತಮ್ಮ ಪಾಡಿಗೆ ತಾವು ಬಯಲಲ್ಲಿ ಓಡಾಡಿಕೊಂಡಿರುವುದು ಈಗ ಅಲ್ಲೊಂದೇ ಕಡೆ. ಒಂದು ಮನೆತನಕ್ಕೆ ಅರವತ್ತು ವರ್ಷಕ್ಕೊಮ್ಮೆ, ಅದೂ ಇಬ್ಬರಿಗೆ ಮಾತ್ರ ಪ್ರವೇಶ. ಅದೇ ಪಾಳಿ. ಕಾರವಾರದಿಂದ ಗಾಳಿಹಡಗಿನಲ್ಲಿ, ಎಂದರೆ ಹಾಯಿ ಕಟ್ಟಿದ ದೊಡ್ಡ ಹಡಗಿನಲ್ಲಿ, ದಾರ್ ಎಸ್ ಸಲಾಮಿಗೆ ಇಪ್ಪತ್ತಮೂರು ದಿನ. ಅಲ್ಲಿಂದ ರೈಲಿನಲ್ಲಿ ಆರು ದಿನ. ಆಮೇಲೆ ಹನ್ನೊಂದು ದಿನದ ಕಾಲ್ನಡಿಗೆ. ಚಕ್ರವಿರುವ ಯಾವುದೂ ಕಾಡಿನೊಳಗೆ ಹೋಗಕೂಡದು. ಅರ್ಜಿ ಮಾತ್ರ ಹಳೇ ಇಂಗ್ಲಿಷಿನಲ್ಲಿರುತ್ತದೆ. ಅದು ಈಗ ಯಾರ ಮನೆಮಾತೂ ಅಲ್ಲವಾದ್ದರಿಂದ ಯಾವ ದೇಶದವರಿಗೂ ತಕರಾರಿಲ್ಲವಂತೆ.

ನಾನು ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು. ಈಗ ತಲೆಯಲ್ಲಿ ಉಳಿದಿರುವುದು 'ಹೌಎವರ್', 'ದಿ ಸೇಡ್ ಪರ್ಸನ್', 'ಐ ಹ್ಯಾವ್ ದಿ ಆನರ್ ಟು ಬಿ' ಇಂಥ ಚೂರುಪಾರು. ಆದರೆ ನನ್ನ ಹೆಂಡತಿ ನೀಲಗಂಗಾ ನನ್ನನ್ನು ದೊಡ್ಡ ಪಂಡಿತನೆಂದೇ ನಂಬಿದ್ದಳು. ಅರ್ಜಿ ಬಂದ ದಿನ ಕೈ ಒರೆಸಿಕೊಂಡು ಎದುರಿಗೆ ಕೂತು, "ನೀವು ಎರಡು ವರ್ಷ ಆ ಕಾಲೇಜಿನ ಬೆಂಚು ಸವೆಸಿದ್ದು ಈ ಕಾಗದಕ್ಕ ನೋಡ್ರಿ. ಓದ್ರಿ, ಸಣ್ಣಗ ಓದ್ರಿ," ಎಂದಳು. ನಾನು ಓದಿದೆ. ತಿಳಿದ ಕಡೆ ಓದಿದೆ, ತಿಳಿಯದ ಕಡೆ ಗಂಟಲು ಸರಿಮಾಡಿಕೊಂಡು ಮುಂದಕ್ಕೆ ಹೋದೆ. ಮೂರನೆಯ ಪುಟದ ಹೊತ್ತಿಗೆ ನನಗೆ ಸಾಕಾಗಿತ್ತು. ನಾಲ್ಕನೆಯದು ಬರೀ ಶಿಷ್ಟಾಚಾರ ಎಂದು ಹೇಳಿ ಮಡಚಿಟ್ಟೆ.

ಆ ಮೇಲಿನ ಎರಡು ವರ್ಷ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ನೀಲಗಂಗಾ ಬೆಳಿಗ್ಗೆ ಬೆನ್ನಿಗೆ ಕಲ್ಲಿನ ಚೀಲ ಕಟ್ಟಿಕೊಂಡು ಮಾಳಿಗೆಯ ಮೇಲೆ ನೂರು ಸುತ್ತು ನಡೆಯುವಳು. ಬೂದಿ ಬಣ್ಣದ ಅಂಗಿಗಳನ್ನು ತಾನೇ ಹೊಲಿದಳು. ಕಾಡಿನಲ್ಲಿ ಬಿಳಿ, ಕೆಂಪು ಉಡಕೂಡದು. ವಾಸನೆಯ ತಿನಿಸು ಒಯ್ಯಬಾರದೆಂದು ಓದಿ ಹೇಳಿದಾಗ ಮಾತ್ರ ಬೆಳ್ಳುಳ್ಳಿ ಚಟ್ನಿಪುಡಿಗಾಗಿ ಮೂರು ದಿನ ವಾದ ಮಾಡಿದಳು, ಕೊನೆಗೆ ಬರೀ ಕಟಕ ರೊಟ್ಟಿಗೆ ಒಪ್ಪಿದಳು. "ಆನಿ ಎದುರಿಗೆ ಬಂದ್ರ ಏನ್ ಮಾಡಬೇಕಂತ ಬರದಾರ್ರಿ?" ಎಂದು ಕೇಳುವಳು. ಮಾತಾಡದೆ ನಿಲ್ಲಬೇಕಂತೆ ಎಂದರೆ, "ಹಂಗಾರ ನಿಮ್ಮನ್ನ ಕರಕೊಂಡು ಹೋಗೂದು ಕಷ್ಟ ಐತಿ. ಅದಕ್ಕೂ ಇಂಗ್ಲಿಷ್ ಕಲಸಾಕ ಕುಂದರ್ತೀರಿ," ಎನ್ನುವಳು. ನಕ್ಕರೆ ಕೆಮ್ಮು ಬರುತ್ತಿತ್ತು. ಮೂವತ್ತು ವರ್ಷ ಗಾಳಿಗಿರಣಿಯ ರೆಕ್ಕೆ ಉಜ್ಜುವ ಕೆಲಸ ಮಾಡಿದವಳು, ಉಜ್ಜುವಾಗ ಏಳುವ ಪುಡಿ ಎದೆಯಲ್ಲಿ ಕೂತಿತ್ತು.

ಮೊದಲನೆಯ ಪುಟದಲ್ಲೇ ಇತ್ತು, ಅಷ್ಟು ನನಗೆ ಸರಿಯಾಗಿ ತಿಳಿದಿತ್ತು. ಮನುಷ್ಯರ ಕೆಮ್ಮು ಅಲ್ಲಿಯ ಪ್ರಾಣಿಗಳಿಗೆ ಅಂಟೀತೆಂಬ ಭಯದಿಂದ ಪ್ರತಿಯೊಬ್ಬರೂ ಉಸಿರುಪತ್ರ ಕೊಡಬೇಕು, ಎಂದರೆ ಎದೆ ಶುದ್ಧವಾಗಿದೆಯೆಂದು ವೈದ್ಯರ ರುಜು. ಒಬ್ಬರದು ಸರಿಯಿಲ್ಲದಿದ್ದರೆ ಇಬ್ಬರ ಪಾಳಿಯೂ ರದ್ದು. ನಾನು ಅದನ್ನು ಅವಳಿಗೆ ಓದಲಿಲ್ಲ. ಮರುದಿನ ಅವಳು ಕಣದಿಂದ ಬರುವ ಮೊದಲೇ ನನ್ನೊಬ್ಬನ ಹೆಸರು ಬರೆದು ಕಳಿಸಿಬಿಟ್ಟೆ. ಎರಡನೆಯ ಸ್ಥಾನ ಖಾಲಿ ಬಿಡಲು ಕಾರಣವೇನೆಂದು ಏಳನೆಯ ಕಾಲಮಿನಲ್ಲಿ ಕೇಳಿದ್ದರು. ಕಾಯಿಲೆ ಎಂದರೆ ಮನೆಯವರೆಲ್ಲರ ಉಸಿರುಪತ್ರ ಕೇಳಿಯಾರು ಎಂದು ಹೆದರಿ, 'ವೈಫ್ ನಾಟ್ ವಿಲ್ಲಿಂಗ್' ಎಂದು ಬರೆದೆ. ಹೆಂಡತಿಗೆ ಇಚ್ಛೆಯಿಲ್ಲ.

ಇಷ್ಟಾದ ಮೇಲೂ ಅವಳು ಎರಡು ವರ್ಷ ಕಲ್ಲು ಹೊತ್ತು ನಡೆದಳು, ನಾನು ಕೆಳಗೆ ಕೂತು ಸುತ್ತು ಎಣಿಸುತ್ತಿದ್ದೆ. ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದೆ ಎಂದು ಬರೆದರೆ ನಿನಗೆ ನನ್ನ ಮೇಲೆ ಕನಿಕರ ಹುಟ್ಟಬಹುದು, ಆದರೆ ನಿಜ ಬೇರೆ. ಕೆಮ್ಮು ಜೋರಾದರೆ ಅವಳೇ 'ನನಗ ಆಗೂದಿಲ್ಲ ಬಿಡ್ರಿ' ಅನ್ನುತ್ತಾಳೆ, ಆಗ ನನ್ನ ಸುಳ್ಳು ನಿಜವಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಕೆಮ್ಮು ಜೋರಾಗುವುದನ್ನು ಕಾಯುತ್ತಿದ್ದೆ. ಅವಳು ಅನ್ನಲಿಲ್ಲ. ಹೋದ ಶ್ರಾವಣದಲ್ಲಿ ತೀರಿಕೊಂಡಳು. ಹಿಂದಿನ ವಾರವೂ ಚಪ್ಪಲಿಯ ಉಂಗುಷ್ಠ ಬಿಗಿ ಮಾಡಿಸಿಕೊಂಡು ಬರಲು ನನ್ನನ್ನು ಪೇಟೆಗೆ ಕಳಿಸಿದ್ದಳು.

ಕಳೆದ ತಿಂಗಳು ಮಂಜೂರಾತಿ ಬಂತು, ಜೊತೆಗೆ ಅರ್ಜಿಯ ಪ್ರತಿ. ಮಾಡಲು ಬೇರೆ ಕೆಲಸವಿಲ್ಲದೆ, ನಿಘಂಟು ಇಟ್ಟುಕೊಂಡು ನಾಲ್ಕನೆಯ ಪುಟ ಓದಿದೆ. ಎರಡು ದಿನ ಹಿಡಿಯಿತು. ಎದೆಯ ಕಾಯಿಲೆಯವರು ಮೊದಲೇ ತಿಳಿಸಿದರೆ ಪಾಳಿ ರದ್ದಾಗುವುದಿಲ್ಲ. ಅವರಿಗೆ ನದಿಯ ಈಚೆ ದಂಡೆಯಲ್ಲಿ ಗಾಜಿನ ಮನೆಯಿದೆ, ನಡೆಯಬೇಕಾಗಿಲ್ಲ, ಡೋಲಿಯಲ್ಲಿ ಒಯ್ಯುತ್ತಾರೆ, ಸಂಜೆ ಆನೆಗಳು ಅಲ್ಲಿಗೇ ನೀರಿಗೆ ಬರುತ್ತವೆ ಎಂದಿತ್ತು. ತಿಳಿಯಲಿಲ್ಲ ಎಂದು ಅವತ್ತು ಒಂದು ಮಾತು ಅಂದಿದ್ದರೆ ಸಾಕಿತ್ತು. ಓಣಿಯ ಕೊನೆಯ ಮನೆಯಲ್ಲೇ ನಿವೃತ್ತ ಇಂಗ್ಲಿಷ್ ಮೇಷ್ಟ್ರಿದ್ದಾರೆ.

ಕಸ್ತೂರಿಗೆ ಇದು ಯಾವುದೂ ಗೊತ್ತಿಲ್ಲ. ತಾಯಿ ತೀರಿಕೊಂಡ ಮೇಲೆ ಹೇಗೋ ಒಬ್ಬರ ಹೆಸರಷ್ಟೇ ಉಳಿಯಿತೆಂದು ತಿಳಿದಿದ್ದಾಳೆ. "ಅವ್ವ ಇದ್ದಿದ್ರ ನಿಮ್ಮನ್ನ ನೂಕಿ ಕಳಸ್ತಿದ್ಳು. ಆಕಿ ಪಾಲಿಂದೂ ನೋಡಿ ಬರ್ರಿ ಅಪ್ಪಾ," ಎಂದು ಚೀಲ ಕಟ್ಟುತ್ತಿದ್ದಾಳೆ. ಹಡಗು ಹೊರಡಲು ಒಂಬತ್ತು ದಿನವಿದೆ. ಒಪ್ಪಿಗೆಯ ಪತ್ರ ನಾಳಿನ ಟಪಾಲಿಗೆ ಹೋಗಬೇಕು.

ನಾನು ಹೋದರೆ ಯಾರೂ ಏನೂ ಕೇಳುವುದಿಲ್ಲ. ಆದರೆ ನಿನ್ನ ಪಾಳಿ ಬಂದಾಗ ಹಿಂದಿನ ಅರ್ಜಿಯ ಪ್ರತಿಯನ್ನು ನಿನಗೆ ಕಳಿಸುತ್ತಾರೆ, ಅದು ಅಲ್ಲಿಯ ಪದ್ಧತಿ. ನೀಲಗಂಗಾ ಎಂಬ ಹೆಂಗಸಿಗೆ ಬರಲು ಮನಸ್ಸಿರಲಿಲ್ಲ ಎಂದು ನೀನು ಓದುತ್ತೀ. ಅವಳ ಬಗ್ಗೆ ನಿನಗೆ ಸಿಗುವುದು ಅದೊಂದೇ ಸಾಲು. ತಿದ್ದುಪಡಿ ಕಳಿಸಿದರೆ ಅದು ಅಳಿಯುತ್ತದೆ, ಜೊತೆಗೆ ಸುಳ್ಳು ಬರೆದ ತಪ್ಪಿಗೆ ಈ ಪಾಳಿಯೂ ಹೋಗುತ್ತದೆ. ಆನೆ ಕಂಡವರೊಬ್ಬರು ನಮ್ಮ ಮನೆತನದಲ್ಲಿ ಇರುವುದಿಲ್ಲ, ಅರವತ್ತು ವರ್ಷದ ಮೇಲೆ ನಿನಗೆ ನೋಡಲು ಅವು ಉಳಿದಿರುತ್ತವೋ ಇಲ್ಲವೋ. ನಿನ್ನ ಪಾಲಿನದನ್ನೂ ನಾನು ಕಳೆಯುತ್ತಿದ್ದೇನೆ. ಆದರೂ ತಿದ್ದುಪಡಿಯನ್ನೇ ಬರೆದಿದ್ದೇನೆ, ನಾಲ್ಕು ಸಾಲು, ವ್ಯಾಕರಣ ದೇವರಿಗೇ ಪ್ರೀತಿ. ಆನೆಗಳು ಉಳಿದಿದ್ದು ನಿನಗೆ ಕರೆ ಬಂದರೆ, ನಿನ್ನ ಜೊತೆ ಹೊರಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕೂ ಪುಟ ಓದು, ಇಷ್ಟೇ ನನ್ನ ಕೋರಿಕೆ.

ತಿದ್ದುಪಡಿಗೆ ಮನೆಯ ಇನ್ನೊಬ್ಬರ ರುಜು ಬೇಕು. ಕಸ್ತೂರಿಗೆ ಇಂಗ್ಲಿಷ್ ಬಾರದು, ಏನು ಬರೆದೀರಿ ಅಪ್ಪಾ, ಓದಿ ಹೇಳ್ರಿ ಅನ್ನುತ್ತಾಳೆ. ಏನು ಓದಿ ಹೇಳಿದರೂ ನಂಬುತ್ತಾಳೆ. ಅಕ್ಷರಗಳು ಸಾಲು ಬಿಟ್ಟು ಇಳಿಯುತ್ತಿವೆ, ನೋಡಿದರೆ ಬೆಳಕು ಆಗಲೇ ಗೋಡೆಯ ತುದಿಗೆ ಹೋಗಿದೆ. ಕಾಗದ ಕಾಣುವಷ್ಟು ಹೊತ್ತು ಇರುವಾಗಲೇ ಅವಳನ್ನು ಕರೆಯುತ್ತೇನೆ.