ಮಂಗಳವಾರ ಕದ್ದು ಗುದ್ದಿದ್ದು

ಮೇ ೧೪, ಮಂಗಳವಾರ. ಬುಕೊಮ್, ಅಕ್ರಾ.

ಕೇಳಿರಿ ಮಹಾಜನರೇ, ಚಾಪೆಯ ಮೇಲೆ ಕೂತವರೂ ಹಿಂದೆ ನಿಂತವರೂ ಕೇಳಿರಿ: ಹತ್ತು ವರ್ಷ ನಾಟಕದ ರಂಗದ ಮೇಲೆ ರಾಜನಾಗಿ ಮೆರೆದ ಈ ಅಯಿಟೆಗೆ ಇಂದು ಎಡಗೈ ಕಿವಿಯವರೆಗೂ ಏಳುತ್ತಿಲ್ಲ. ಕೂಗಿ ಹೇಳುವ ಶಕ್ತಿಯೂ ಇಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.

ಬಾಕ್ಸಿಂಗ್ ಶುರುಮಾಡಿ ಮೂರು ವಾರ. ಈ ಶನಿವಾರ ಮೊದಲ ಸಲ ರಿಂಗಿಗೆ ಇಳಿಸುತ್ತೇನೆ ಎಂದಿದ್ದರು ಗುರು ಲಾರ್ಟೆ. ಒಂದೇ ಷರತ್ತು: ಮಂಗಳವಾರ ಗ್ಲೌಸ್ ಮುಟ್ಟಕೂಡದು. ಕಡಲಿಗೂ ಅಂದು ವಿಶ್ರಾಂತಿ ಎಂದು ನಮ್ಮ ಬೆಸ್ತರೂ ಕಡಲಿಗಿಳಿಯುವುದಿಲ್ಲವಲ್ಲ. ನಾನು ಮಾತ್ರ ಇಂದು ಹಿತ್ತಲಲ್ಲಿ ಮರಳಿನ ಮೂಟೆ ಕಟ್ಟಿ ಕದ್ದು ಗುದ್ದಿದೆ. ಒಂದು ದಿನ ಬಿಟ್ಟರೆ ಕಲಿತದ್ದೆಲ್ಲ ಮರೆತೀತು ಎಂಬ ಭಯ.

ಅಕ್ಕ ಕೊರ್ಕೊಯ್ ನನ್ನ ಉಳುಕಿದ ಎಡಭುಜಕ್ಕೆ ಶಿಯಾ ಬೀಜದ ಬೆಣ್ಣೆ ತಿಕ್ಕುತ್ತ ಕೇಳಿದಳು:

"ನಿಮ್ ಭಾವ ದೋಣಿ ನಿಲ್ಸಿ ಮಂಗಳವಾರ ಏನ್ಮಾಡ್ತಾರೆ, ಹೇಳು."

"ಮರದ ಕೆಳಗೆ ಬಿದ್ಕೊಂಡಿರ್ತಾರೆ."

"ಕೂತ್ಕೊಂಡು ಬಲೆ ಹೊಲೀತಾರೆ ಕಣೋ ಮಹಾರಾಜ. ನೀನು ಹರಿದಿರೋ ಬಲೇನೇ ಹೊತ್ಕೊಂಡು ಕಡಲಿಗೆ ಹೋಗಿದೀಯ."

ಭುಜ ಉರಿಯುತ್ತಲೇ ಇದೆ.

ಮೆಟ್ಟಿಲಿನಿಂದ ಬಿದ್ದೆ ಎಂದರೆ ಲಾರ್ಟೆ ನಂಬಿಯಾರು; ಅಷ್ಟು ನಟನೆ ನನಗೆ ಬರುತ್ತದೆ. ಆದರೆ ಈಗ ಅದಕ್ಕೂ ದಣಿವು. ಶನಿವಾರವನ್ನು ನಾನೇ ಕಳೆದುಕೊಂಡೆ. ನಾಳೆ ಬೆಳಿಗ್ಗೆ ಹೋಗಿ ಇದ್ದದ್ದನ್ನು ಹೇಳುತ್ತೇನೆ, ಜಿಮ್ಮಿನ ಗೋಡೆಯ ಮೇಲೆ ಶನಿವಾರದ ಪಟ್ಟಿಯಲ್ಲಿರುವ ನನ್ನ ಹೆಸರನ್ನು ನಾನೇ ಅಳಿಸುತ್ತೇನೆ. ಆಮೇಲೆ ಮೂಲೆಯಲ್ಲಿ ಕೂತು, ಬೇರೆಯವರು ಗುದ್ದಾಡುವುದನ್ನು ಬಾಯಿ ಮುಚ್ಚಿಕೊಂಡು ನೋಡುತ್ತೇನೆ.