ಮೊದಲನೆಯ ಬಾಟಲಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಾನೂ ನಿನ್ನ ತಮ್ಮನೂ ಕ್ಷೇಮ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮಂಡಿನೋವು ಅಂತ ನೆಪ ಹೇಳಬಹುದಿತ್ತು. ಬರೆಯುವುದು ಮಂಡಿಯಿಂದಲ್ಲವಲ್ಲ ಅಂತ ನೀನು ಬಿಡುವವಳಲ್ಲ.

ನಿನ್ನ ಕಾಲೇಜಿಗೆ ಬಂದು ನಿಯಮನಿಷ್ಠೆಯ ಬಗ್ಗೆ ಮಕ್ಕಳ ಮುಂದೆ ಮಾತಾಡಬೇಕು ಎಂದು ಬರೆದಿದ್ದೀಯ. ‘ನಮ್ಮಪ್ಪ ಮೂವತ್ತೈದು ವರ್ಷ ಕುಡಿಯುವ ನೀರು ಪರೀಕ್ಷೆ ಮಾಡಿದರು, ಒಂದು ದಿನವೂ ನಿಯಮ ತಪ್ಪಲಿಲ್ಲ’ ಎಂದು ತರಗತಿಯಲ್ಲಿ ಹೇಳಿದ್ದೀಯಂತೆ. ನಿಜ, ತಪ್ಪಲಿಲ್ಲ. ಅದಕ್ಕೇ ಬರಲಾರೆ ಮಗಳೇ.

ಹೋದ ತಿಂಗಳು ಪ್ರಯೋಗಾಲಯದಿಂದ ಕರೆ ಬಂತು. ಕಟ್ಟಡ ಬದಲಿಸುತ್ತಿದ್ದಾರೆ, ಹಳೆಯ ರಿಜಿಸ್ಟರುಗಳಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ರದ್ದಿಗೆ ಹಾಕಬೇಕು ನೋಡಿ ಹೇಳಿ ಎಂದರು. ನೆಲದ ಮೇಲೆ ಕೂತು ಒಂದೊಂದೇ ತೆರೆದೆ. ನನ್ನದೇ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಈಗ ನೋಡಿದರೆ ಸಿಟ್ಟು ಬರುತ್ತದೆ.

ನಮ್ಮ ಪದ್ಧತಿ ಹೀಗಿತ್ತು. ಬೆಳಿಗ್ಗೆ ಜನ ಏಳುವ ಮೊದಲೇ ಹೋಗಿ ಒಂದು ನಲ್ಲಿಯಿಂದ ಒಂದರ ಹಿಂದೆ ಒಂದು ಮೂರು ಬಾಟಲಿ ನೀರು ಹಿಡಿಯುವುದು. ಮೂರರಲ್ಲೂ ಸೀಸ ಎಷ್ಟಿದೆ ಅಂತ ಅಳೆಯುವುದು. ಎರಡು ಅಂಕಿ ಹತ್ತಿರ ಹತ್ತಿರ ಬಂದು, ಉಳಿದ ಒಂದು ದೂರ ನಿಂತರೆ ಅದಕ್ಕೆ ಕೆಂಪು ಸುತ್ತು ಹಾಕಿ ಕೈಬಿಡುವುದು. ಅದಕ್ಕೆ ‘ಹುಚ್ಚಂಕಿ’ ಎಂದೇ ನಮ್ಮಲ್ಲಿ ಹೆಸರು. “ಇಬ್ಬರು ಸಾಕ್ಷಿ ಒಂದೇ ಮಾತು ಹೇಳ್ತಿರುವಾಗ ಇನ್ನೊಬ್ಬನ್ನ ಯಾಕ್ರೀ ಕೇಳ್ತೀರಿ” ಎನ್ನುತ್ತಿದ್ದರು ನಮ್ಮ ಮೇಲಧಿಕಾರಿ.

ಪ್ರಯೋಗಾಲಯದ ಹಿಂದಿನ ಬೀದಿಯ ರಿಜಿಸ್ಟರು ತೆರೆದರೆ ಪುಟಪುಟದಲ್ಲೂ ಕೆಂಪು ಸುತ್ತು. ಎಲ್ಲವೂ ಮೊದಲನೆಯ ಬಾಟಲಿಗೇ. ಹುಚ್ಚು ಇಷ್ಟು ಶಿಸ್ತಾಗಿ ಬರುತ್ತದೆಯೇ? ಆ ಬೀದಿಯದು ಇವತ್ತಿಗೂ ಹಳೆಯ ಸೀಸದ ಕೊಳವೆ. ರಾತ್ರಿಯಿಡೀ ಅದರಲ್ಲಿ ನಿಂತ ನೀರು ಸೀಸ ಹೀರಿಕೊಂಡು ಬೆಳಿಗ್ಗೆ ಮೊದಲು ಹೊರಗೆ ಬರುತ್ತಿತ್ತು, ಅದರ ಹಿಂದೆ ಒಳ್ಳೆಯ ನೀರು. ಮೂರು ಬಾಟಲಿಗಳೂ ನಿಜವನ್ನೇ ಹೇಳಿದ್ದವು.

ಇದನ್ನು ಬಾಟ್ಲಿಯಕ್ಕ ಅಂದೇ ಹೇಳಿದ್ದಳು. ನಮ್ಮಲ್ಲಿ ಬಾಟಲಿ ತೊಳೆಯುತ್ತಿದ್ದವಳು, ಓದುಬರಹ ಅಷ್ಟಕ್ಕಷ್ಟೆ. “ಸಾರ್, ಬೆಳಿಗ್ಗೆ ಎದ್ದು ಯಾರೂ ಮೂರನೇ ಲೋಟ ಕುಡಿಯಲ್ಲ, ಮೊದಲನೇದೇ ಕುಡಿಯೋದು. ನೀವು ಅದನ್ನೇ ಬಿಟ್ಟುಬಿಡ್ತೀರಲ್ಲ” ಅಂದಳು. ನಾನು ನಕ್ಕು, “ಅಕ್ಕಾ, ವಿಜ್ಞಾನಕ್ಕೆ ಒಂದು ನಿಯಮ ಅಂತ ಇರುತ್ತೆ” ಅಂದೆ. “ಇರಲಿ ಸಾರ್, ನೀರಿಗೆ ಅದು ಗೊತ್ತಿಲ್ವಲ್ಲ” ಎಂದು ಮುಂದಿನ ಬಾಟಲಿ ಎತ್ತಿಕೊಂಡಳು.

ಈಗಿನ ಅಧಿಕಾರಿಗೆ ತೋರಿಸಿದೆ. ಒಳ್ಳೆಯವನೇ, ಕುರ್ಚಿ ಎಳೆದು ಕೂರಿಸಿದ. “ಆಗಿನ ನಿಯಮದ ಪ್ರಕಾರ ನೀವು ಮಾಡಿದ್ದು ಸರಿನೇ ಇದೆ ಸಾರ್, ತಲೆ ಕೆಡಿಸ್ಕೋಬೇಡಿ” ಅಂದ. ಪರಿಶೀಲಿಸುತ್ತೇವೆ ಎಂದೂ ಅಂದ. ಆ ಮಾತು ನಾನೂ ಬೇಕಾದಷ್ಟು ಜನಕ್ಕೆ ಹೇಳಿದ್ದೇನೆ. ಹಾಗಾಗಿ ಸೋಮವಾರದಿಂದ ನಾನೇ ಆ ಬೀದಿಯ ಮನೆಮನೆಗೆ ಹೋಗಿ, ಬೆಳಿಗ್ಗೆ ಮೊದಲು ಬರುವ ನೀರು ಕುಡಿಯಬೇಡಿ, ನೆಲ ಒರೆಸಲು ಇಟ್ಟುಕೊಳ್ಳಿ ಎಂದು ಹೇಳುತ್ತಿದ್ದೇನೆ. “ಇದೇನು ಹೊಸ ರೂಲ್ಸಾ ತಾತಾ?” ಎಂದು ಒಬ್ಬ ಹೆಂಗಸು ಕೇಳಿದಳು. ರೂಲ್ಸಲ್ಲಮ್ಮ, ಹೇಳಿ ಹೋಗೋಣ ಅಂತ ಬಂದೆ ಅಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಫಲ ನೋಡಿ ನಡೆಯುವುದು ಸರಿಯೋ, ನಿಯಮ ನೋಡಿ ನಡೆಯುವುದು ಸರಿಯೋ ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ ಮಗಳೇ. ನಿಯಮವೇ ಬೇಡ ಎನ್ನುವವನೂ ನಾನಲ್ಲ, ಅಂಕಿಯನ್ನು ತಮಗೆ ಬೇಕಾದ ಹಾಗೆ ತಿದ್ದಿದವರನ್ನೂ ನೋಡಿದ್ದೇನೆ. ನಿಯಮ ಇದೆಯಲ್ಲ ಎಂದು ನೋಡುವುದನ್ನೇ ಬಿಟ್ಟೆನಲ್ಲ, ಅದು ನನ್ನ ಸಂಕಟ. ಕೈಬಿಟ್ಟ ಅಂಕಿಗಳನ್ನು ವರ್ಷಕ್ಕೊಮ್ಮೆ ಒಟ್ಟಿಗೆ ನೋಡಿದ್ದರೂ ಸಾಕಿತ್ತು. ನಿನ್ನ ಮಕ್ಕಳಿಗೆ ಕೊಡಲು ಬೇರೆ ಸಿದ್ಧಾಂತ ನನ್ನ ಹತ್ತಿರ ಇಲ್ಲ. ದಣಿದಿದ್ದೇನೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೊಮ್ಮಗಳಿಗೆ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಕಂದ.

ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ನಿನಗೆ ಒಂಬತ್ತು ವರ್ಷ ಆಗುವವರೆಗೆ ನಾವಿದ್ದದ್ದು ಹಿಂದಿನ ಬೀದಿಯಲ್ಲೇ. ಎದ್ದ ಕೂಡಲೇ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿಯಬೇಕು, ಇದು ಮನೆಗೆ ನಾನು ಮಾಡಿದ ನಿಯಮ. ನೀನು ಕಿಟಕಿಯಿಂದ ಗಿಡದ ಬುಡಕ್ಕೆ ಸುರಿದು ಖಾಲಿ ಲೋಟ ತೋರಿಸುತ್ತಿದ್ದೆ. ಅದಕ್ಕೆ ಒಮ್ಮೆ ನಿನಗೆ ಹೊಡೆದೆ. ತಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಬಾಟ್ಲಿಯಕ್ಕ ಆ ಮಾತು ಹೇಳಿದಾಗ ಅವನಿಗೆ ಎರಡು ವರ್ಷ.

ಸೀಸ ಎಳೆಯ ಮಕ್ಕಳ ಮಿದುಳಿಗೆ ಮೊದಲು ತಗಲುತ್ತದೆ ಎಂದು ಓದಿದವನು ನಾನೇ. ಮೂರನೆಯ ತರಗತಿ ದಾಟಲಾರದ ಅವನನ್ನು ‘ಅಕ್ಕನ್ನ ನೋಡಿ ಕಲಿ’ ಎಂದು ಬೈದವನೂ ನಾನೇ. ಡಾಕ್ಟರನ್ನು ಕೇಳಿದೆ. ಒಬ್ಬನನ್ನು ನೋಡಿ ಇದರಿಂದಲೇ ಎಂದು ಹೇಳಲಾಗದು ಎಂದರು. ಸರಿಯೇ. ನಾನಾಗಿದ್ದರೂ ಅವನಿಗೆ ಕೆಂಪು ಸುತ್ತು ಹಾಕುತ್ತಿದ್ದೆ.

ಮೂವತ್ತೆರಡು ವರ್ಷದವನು, ಇವತ್ತೂ ಎದ್ದು ಒಂದು ಲೋಟ ನೀರು ಕುಡಿದ. ಲೋಟ ಬೋರಲು ಮಾಡಿ ತೋರಿಸಿ, “ಪೂರ್ತಿ ಕುಡಿದೆ ಅಪ್ಪಾ” ಎಂದ. ಜಾಣ ಎಂದೆ.